ಬಂಗಡೆಯ ರನ್ ರೇಟು

ಒಂದು ಚಾನೆಲ್ಲಿನಲ್ಲಿ ತೃಪ್ತಿಪಡುವವನು ಮನುಷ್ಯ. ಎರಡನೆಯದಕ್ಕೆ ಕೈಹಾಕುವವನು ಮಹಾಪುರುಷ. ಈ ಸತ್ಯ ನನಗೆ ಹೊಳೆದದ್ದು ಕಳೆದ ಜನವರಿಯ ಒಂದು ಮಧ್ಯಾಹ್ನ, ಒಣ ಸಿಗಡಿ ಕಟ್ಟಿಕೊಡಲು ಹೆಂಡತಿ ಹರಿದಿಟ್ಟಿದ್ದ ಹಳೆಯ ಪೇಪರನ್ನು ಓದುತ್ತಿದ್ದಾಗ.

ಹೆಬಳೆಯಲ್ಲಿ ಮೈಕ್‌ಸೆಟ್ ಬಾಡಿಗೆಗೆ ಕೊಡುವ ರಾಜೀವ ಎಂದರೆ ನಾನೇ. ಮದುವೆಗೂ ನಾನೇ, ಸತ್ಯನಾರಾಯಣ ಪೂಜೆಗೂ ನಾನೇ, ಚುನಾವಣೆ ಬಂದರೆ ಎಲ್ಲ ಪಕ್ಷಕ್ಕೂ ನಾನೇ. ಮೂರು ವರ್ಷದ ಹಿಂದೆ ಒಂದು ಒಳ್ಳೆಯ ಮೊಬೈಲು, ಒಂದು ಮೂರುಕಾಲಿನ ಸ್ಟ್ಯಾಂಡು ಕೊಂಡು ‘ಅಲೆ ಸ್ಪೋರ್ಟ್ಸ್’ ಎಂಬ ಯೂಟ್ಯೂಬ್ ಚಾನೆಲ್ ತೆರೆದೆ. ಮಾವಳ್ಳಿಯ ವಾಲಿಬಾಲ್ ಇರಲಿ, ಹಿರೇಗುತ್ತಿಯ ಕಬಡ್ಡಿ ಇರಲಿ, ಆಟಗಾರರಿಗಿಂತ ಮೊದಲು ನಾನು ಮೈದಾನದಲ್ಲಿರುತ್ತಿದ್ದೆ. ಚಿತ್ರ ತೆಗೆಯುವವನು, ಅಂಕ ಬರೆಯುವವನು, ಕಾಮೆಂಟ್ರಿ ಹೇಳುವವನು, ಎಲ್ಲ ನಾನೊಬ್ಬನೇ. ಚಂದಾದಾರರು ನಾಲ್ಕು ಸಾವಿರದ ಮುನ್ನೂರ ಹನ್ನೆರಡು. ಅದರಲ್ಲಿ ಒಬ್ಬರು ನನ್ನ ಅತ್ತೆ. ತಾವು ಚಂದಾದಾರರೆಂಬುದು ಅವರಿಗೆ ಗೊತ್ತಿರಲಿಲ್ಲ. ಅವರ ಮೊಬೈಲಿನಲ್ಲಿ ಗುಂಡಿ ಒತ್ತಿದ್ದು ನಾನು.

ಆ ಪೇಪರಿನಲ್ಲಿ ಜಗತ್ತಿನ ದೊಡ್ಡ ಕ್ರೀಡಾ ಚಾನೆಲ್ಲುಗಳ ಬಗ್ಗೆ ಒಂದು ಲೇಖನವಿತ್ತು. ಒಂದರಿಂದ ಶುರುಮಾಡಿದವರು ಎರಡು, ಮೂರು ಎಂದು ಮರಿ ಹಾಕುತ್ತ ಹೋದರಂತೆ. ಒಂದಕ್ಕೆ ಕ್ರಿಕೆಟ್, ಇನ್ನೊಂದಕ್ಕೆ ಫುಟ್ಬಾಲ್, ಮತ್ತೊಂದಕ್ಕೆ ಹಳೆಯ ಪಂದ್ಯಗಳು. ಆಮೇಲೆ ಅದೇ ಹೆಸರಿನಲ್ಲಿ ಪತ್ರಿಕೆ, ಅದೇ ಹೆಸರಿನಲ್ಲಿ ಅಂಗಿ ಟೊಪ್ಪಿ. ಹೊರದೇಶದ ಒಂದು ಚಾನೆಲ್ಲಂತೂ ತನ್ನ ಹೆಸರಿನಲ್ಲೇ ಹೋಟೆಲು ತೆರೆಯಿತಂತೆ, ಮೊಬೈಲ್ ಫೋನನ್ನೇ ಮಾರಿತಂತೆ. ಇದಕ್ಕೆ ‘ಬ್ರ್ಯಾಂಡ್ ವಿಸ್ತರಣೆ’ ಎನ್ನುತ್ತಾರೆ. “ಆದರೆ ಈ ಹೋಟೆಲು ಮತ್ತು ಫೋನುಗಳ” ಎಂಬಲ್ಲಿಗೆ ಪೇಪರು ಹರಿದಿತ್ತು. ಉಳಿದರ್ಧ ಯಾರದೋ ಮನೆಗೆ ಸಿಗಡಿಯ ಜತೆ ಹೋಗಿತ್ತು. ನನಗೆ ಅದರ ಅಗತ್ಯ ಕಾಣಲಿಲ್ಲ. ಮಹತ್ಕಾರ್ಯಕ್ಕೆ ಅರ್ಧ ಲೇಖನ ಸಾಕು.

“ಸುಚಿತಾ,” ಎಂದು ಹೆಂಡತಿಯನ್ನು ಕರೆದೆ. “ಅಲೆ ಸ್ಪೋರ್ಟ್ಸ್ ಇನ್ನು ಚಾನೆಲ್ ಅಲ್ಲ. ನೆಟ್‌ವರ್ಕ್.”

ಸುಚಿತಾ ಮೀನು ವ್ಯಾಪಾರದವಳು. ಬೆಳಿಗ್ಗೆ ತೆಂಗಿನಗುಂಡಿ ಬಂದರಿನಲ್ಲಿ ಹರಾಜು ಹಿಡಿದು, ತಲೆಯ ಮೇಲೆ ಬುಟ್ಟಿ ಹೊತ್ತು, ಮನೆಮನೆಗೆ ಹೋಗಿ ಮಾರುತ್ತಾಳೆ. ಅವಳಿಗೆ ಕಾಯಂ ಮನೆಗಳು ನಲವತ್ತು. ಇಪ್ಪತ್ತೆರಡು ವರ್ಷದಿಂದ ಆ ನಲವತ್ತು ಮನೆಗಳ ಸಾರಿನ ಪಾತ್ರೆ ಕಾಯುವುದು ಅವಳ ದನಿಗೆ. ನಮ್ಮ ಮನೆ ನಡೆದದ್ದೂ ಅದರಲ್ಲೇ; ನನ್ನ ಮೊಬೈಲು, ಮೂರುಕಾಲಿನ ಸ್ಟ್ಯಾಂಡು ಬಂದದ್ದೂ ಅದರಲ್ಲೇ ಎಂಬ ಸಂಗತಿಯನ್ನು ನಾನು ಎಂದೂ ಕಾಮೆಂಟ್ರಿಯಲ್ಲಿ ಹೇಳಿದವನಲ್ಲ.

“ನೆಟ್‌ವರ್ಕ್ ನಮ್ಮನೆ ಹಿಂದೆ ಮಾತ್ರ ಸಿಕ್ತದೆ, ಬಾವಿ ಕಟ್ಟೆ ಹತ್ರ,” ಎಂದಳು.

“ಆ ನೆಟ್‌ವರ್ಕ್ ಅಲ್ಲ ಮಾರಾಯ್ತಿ. ಅಲೆ ಸ್ಪೋರ್ಟ್ಸ್ ಒಂದು, ಅಲೆ ಸ್ಪೋರ್ಟ್ಸ್ ಎರಡು, ಅಲೆ ಸ್ಪೋರ್ಟ್ಸ್ ಗೋಲ್ಡ್. ಅಲೆ ಅಂಗಿ. ಮುಂದೆ ದೇವರು ನಡೆಸಿಕೊಟ್ಟರೆ ಅಲೆ ಹೋಟೆಲು.”

“ಒಂದಕ್ಕೇ ಕರೆಂಟ್ ಬಿಲ್ಲು ನಾ ಕಟ್ಟುದು. ಎರಡಕ್ಕೆ ಯಾರು?”

ಸಣ್ಣ ಮನಸ್ಸಿನವರ ಪ್ರಶ್ನೆಗಳಿಗೆ ದೊಡ್ಡ ಸಂಸ್ಥೆಗಳು ಉತ್ತರಿಸುವುದಿಲ್ಲ.

ಮೊದಲ ವಿಸ್ತರಣೆ ಅಂಗಿ. ಭಟ್ಕಳ ಪೇಟೆಯಲ್ಲಿ ಐವತ್ತು ಬನಿಯನ್ ಬಟ್ಟೆಯ ಅಂಗಿಗೆ ನೀಲಿ ಅಲೆಯ ಗುರುತು ಹೊಡೆಸಿದೆ. ಎರಡು ವಾರದಲ್ಲಿ ಮಾರಾಟವಾದದ್ದು ಒಂದು, ಕೊಂಡವನು ನಾನು. ಉಳಿದ ನಲವತ್ತೊಂಬತ್ತು ಒಂದೊಂದಾಗಿ ಕಾಣೆಯಾಗತೊಡಗಿದವು. ಒಂದು ದಿನ ರಸ್ತೆಯಲ್ಲಿ ನನ್ನ ಅತ್ತೆ ಸುಬ್ಬಿ ಬುಟ್ಟಿ ಹೊತ್ತು ಬರುವುದನ್ನು ನೋಡಿದೆ. ಅವರು ಮೀನು ಮಾರುವ ಹೆಂಗಸರಿಗೆಲ್ಲ ಹಿರಿಯರು. ತಲೆಗೂ ಬುಟ್ಟಿಗೂ ನಡುವೆ ಬಟ್ಟೆ ಸುತ್ತಿ ಇಡುತ್ತಾರಲ್ಲ ಸಿಂಬೆ, ಅದರ ಬದಿಯಿಂದ ನೀಲಿ ಅಲೆಯೊಂದು ಇಣುಕುತ್ತಿತ್ತು. ಅವರ ಹಿಂದೆ ಬರುತ್ತಿದ್ದ ಆರೇಳು ಹೆಂಗಸರ ತಲೆಯ ಮೇಲೂ ಅದೇ ಅಲೆ.

“ಅಳಿಯಾ, ಬಟ್ಟೆ ಒಳ್ಳೇದದೆ,” ಎಂದರು ಅತ್ತೆ. “ಐಸಿನ ನೀರು ಚಲೋ ಹೀರ್ತದೆ.”

ನಾನು ಎದೆಗುಂದಲಿಲ್ಲ. ಬ್ರ್ಯಾಂಡು ಊರಿಡೀ ತಿರುಗುತ್ತಿತ್ತು. ಸ್ವಲ್ಪ ಒದ್ದೆಯಾಗಿತ್ತು, ಅಷ್ಟೇ.

ಎರಡನೆಯ ವಿಸ್ತರಣೆ ಎರಡನೆಯ ಚಾನೆಲ್ಲು. ಕಬಡ್ಡಿ ವಾಲಿಬಾಲ್ ಎಲ್ಲ ಸಂಜೆಯ ಆಟ. ಬೆಳಗಿನ ಹೊತ್ತು ತೋರಿಸಲು ಏನಿದೆ? ಯಾವ ಆಟದಲ್ಲಿ ಪೈಪೋಟಿ ಇದೆ, ತಂತ್ರವಿದೆ, ಮೋಸವಿದೆ, ಕೂಗಾಟವಿದೆ, ಮತ್ತು ಮುಗಿದ ಮೇಲೆ ಎಲ್ಲರೂ ಒಟ್ಟಿಗೆ ಚಾ ಕುಡಿಯುತ್ತಾರೆ? ಉತ್ತರ ನನ್ನ ಮನೆಯಿಂದಲೇ ದಿನಾ ಬೆಳಿಗ್ಗೆ ಬುಟ್ಟಿ ಹಿಡಿದು ಹೊರಡುತ್ತಿತ್ತು. ಬಂದರಿನ ಮೀನು ಹರಾಜು!

ಒಂದು ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಅಲೆ ಸ್ಪೋರ್ಟ್ಸ್ ಎರಡು ಲೋಕಾರ್ಪಣೆಯಾಯಿತು. ಹರಾಜು ಕೂಗುವವನು ಜಟ್ಟ. ಮೂವತ್ತು ವರ್ಷದಿಂದ ಅರೆನಿದ್ದೆಯಲ್ಲಿ ಹರಾಜು ಕೂಗಿದ ಮನುಷ್ಯ ಕ್ಯಾಮೆರಾ ಕಂಡದ್ದೇ ತಲೆ ಬಾಚಿಕೊಂಡು ಬಂದ.

“ವೀಕ್ಷಕರೇ,” ಎಂದು ನಾನು ಶುರುಮಾಡಿದೆ, “ಪೂರ್ವದಲ್ಲಿ ಸೂರ್ಯ, ಪಶ್ಚಿಮದಲ್ಲಿ ಸಮುದ್ರ, ನಡುವೆ ಬಂಗಡೆ. ಕಣದಲ್ಲಿ ಹತ್ತು ಮಂದಿ. ಅನುಭವಿ ಸುಬ್ಬಿ ಬಲಬದಿಯಲ್ಲಿ, ನಿಂತ ಭಂಗಿಯಲ್ಲೇ ಎದುರಾಳಿಗೆ ನಡುಕ. ಎಡಗಡೆಯಿಂದ ಮುನ್ನುಗ್ಗುತ್ತಿದ್ದಾಳೆ ಗಣಪಿ. ಎರಡು ಸಾವಿರ, ಎರಡೂವರೆ. ಇದೋ ಸುಚಿತಾ, ಕಣ್ಸನ್ನೆಯಲ್ಲೇ ಇನ್ನೂರು ಏರಿಸಿದ್ದಾಳೆ. ಎಂತಹ ತಾಳ್ಮೆ, ಎಂತಹ ತಂತ್ರ.”

ಮೂರು ಸಾವಿರಕ್ಕೆ ಬುಟ್ಟಿ ಸುಚಿತಾಳ ಪಾಲಾಯಿತು. ಇಷ್ಟಕ್ಕೇ ನಿಲ್ಲಿಸಿದ್ದರೆ ಈ ಕಥೆ ಇರುತ್ತಿರಲಿಲ್ಲ. ಆದರೆ ದೊಡ್ಡ ಚಾನೆಲ್ಲುಗಳು ಕಣದ ಅಂಕಿಗಳನ್ನು ತೆರೆಯ ಮೂಲೆಯಲ್ಲಿ ತೋರಿಸುತ್ತವಲ್ಲ, ಹಾಗೆ ನಾನೂ ಒಂದು ಅಂಕಪಟ್ಟಿ ಮಾಡಿದ್ದೆ. ಬುಟ್ಟಿಯ ಬೆಲೆ ಮೂರು ಸಾವಿರ. ಬುಟ್ಟಿಯಲ್ಲಿ ಬಂಗಡೆ ಸುಮಾರು ಇನ್ನೂರು. ಭಾಗಿಸಿದರೆ ಒಂದಕ್ಕೆ ಹದಿನೈದು. ಅದನ್ನು ಕೆಂಪು ಅಕ್ಷರದಲ್ಲಿ ಹಾಕಿದೆ: ರನ್ ರೇಟ್, ಹದಿನೈದು.

ಆರು ಸಾವಿರ ಜನ ನೋಡಿದರು. ಕಬಡ್ಡಿ ಫೈನಲ್ಲಿಗೂ ಅಷ್ಟು ಬಂದಿರಲಿಲ್ಲ. ಒಂದು ಐಸ್ ಕಾರ್ಖಾನೆಯವರು ಪ್ರಾಯೋಜಕರಾಗುತ್ತೇವೆ ಎಂದು ಫೋನ್ ಮಾಡಿದರು. ಹೊಗಳಿಕೆಯನ್ನು ಕಿವಿಯಾರೆ ಕೇಳಬೇಕೆಂದು ಅಂದು ಸುಚಿತಾಳ ಜತೆ ನಾನೂ ಮನೆಮನೆಗೆ ಹೊರಟೆ.

ಮೊದಲ ಮನೆ ಮಹಾಗಣಪತಿ ಮಾಸ್ತರರದು. ಗಣಿತ ಕಲಿಸಿ ನಿವೃತ್ತರಾದವರು. ಸುಚಿತಾಳ ಕೈಯ ಬಂಗಡೆಯಿಲ್ಲದೆ ಅವರ ಭಾನುವಾರ ಆರಂಭವಾಗುವುದಿಲ್ಲ. ಬಾಗಿಲಲ್ಲೇ ನಿಂತಿದ್ದರು, ಕೈಯಲ್ಲಿ ಮೊಬೈಲು.

“ರಾಜೀವ, ಭೇಷ್. ಕೂತಲ್ಲೇ ಬಂದರು ತೋರಿಸಿದೆಯಲ್ಲ ಮಾರಾಯಾ.” ನನ್ನ ಬೆನ್ನು ತಟ್ಟಿದರು. ಆಮೇಲೆ ಬುಟ್ಟಿಯತ್ತ ತಿರುಗಿ, “ಸುಚಿತಾ, ಹ್ಯಾಂಗೆ ಇವತ್ತು?” ಎಂದರು.

“ನೂರಕ್ಕೆ ಐದು, ಮಾಸ್ತರ್ರೇ. ಯಾವಾಗ್ಲಿನ ಹಾಂಗೆ.”

“ಅದು ಹ್ಯಾಂಗಾತದೆ? ರನ್ ರೇಟ್ ಹದಿನೈದು ಅದೆ. ನೂರನ್ನು ಹದಿನೈದರಿಂದ ಭಾಗಿಸಿದ್ರೆ ಆರು ಪೂರ್ಣಾಂಕ ಮೂರನೇ ಎರಡು.”

“ಅಂದ್ರೆ ಎಂತ?”

“ಅಂದ್ರೆ ಆರು ಬಂಗಡೆ, ಏಳನೇದರಲ್ಲಿ ಮೂರು ಪಾಲು ಮಾಡಿದ್ರೆ ಎರಡು. ತಲೆ ಬದಿ ನೀನೇ ಇಟ್ಕೊ, ನಂಗೇನು ಬೇಜಾರಿಲ್ಲ. ಮತ್ತೆ ಕೊಸರು ಬೇರೆ.”

ಕೊಸರು ಎಂದರೆ ವ್ಯಾಪಾರ ಮುಗಿದ ಮೇಲೆ ಕೈಯೆತ್ತಿ ಹಾಕುವ ಒಂದೆರಡು ಮೀನು. ಅದಕ್ಕೆ ಬೆಲೆಯಿಲ್ಲ, ಲೆಕ್ಕವಿಲ್ಲ. ಕೇಳುವುದು ಕೊಳ್ಳುವವರ ಹಕ್ಕು, ಗೊಣಗುತ್ತ ಹಾಕುವುದು ಮಾರುವವರ ಮರ್ಯಾದೆ. ಸುಚಿತಾಳಷ್ಟು ಚಂದವಾಗಿ ಗೊಣಗುವವರು ಭಟ್ಕಳ ತಾಲೂಕಿನಲ್ಲಿಲ್ಲ. ಅಂದು ಅವಳು ಗೊಣಗಲಿಲ್ಲ. ಸುಮ್ಮನೆ ಬುಟ್ಟಿ ಎತ್ತಿಕೊಂಡಳು.

ಎರಡನೆಯ ಮನೆಯಲ್ಲಿ, “ನಿಮ್ಮೆಜಮಾನ್ರೇ ಹೇಳಿದ್ರಲ್ಲ ಹದಿನೈದು ಅಂತ.” ಮೂರನೆಯ ಮನೆಯಲ್ಲಿ, “ಇಷ್ಟು ವರ್ಷ ಹೀಂಗೇ ಹೆಚ್ಚಿಗೆ ತಗೊಂಡ್ಯಾ ಸುಚಿತಾ?” ಆ ಮಾತು ಕೇಳಿ ಅವಳು ನನ್ನತ್ತ ತಿರುಗಿದಳು. ನಾನು ಚಪ್ಪಲಿಯ ಬಾರು ಸರಿಮಾಡಿಕೊಳ್ಳುತ್ತ ನಿಂತೆ. ಬಾರು ಸರಿಯಾಗಿಯೇ ಇತ್ತು.

ನಮ್ಮ ಮದುವೆಯಾದಂದಿನಿಂದ ಅವಳ ಬುಟ್ಟಿ ತುಂಬಿ ಹೋದದ್ದನ್ನು ನೋಡಿದ್ದೇನೆ, ತುಂಬಿ ಬಂದದ್ದನ್ನು ಅಂದೇ ನೋಡಿದ್ದು. ಹಿತ್ತಿಲಲ್ಲಿ ಕೂತು ಉಳಿದ ಬಂಗಡೆಗಳನ್ನು ಸೀಳಿ ಉಪ್ಪು ತುಂಬತೊಡಗಿದಳು. ಬೈದಿದ್ದರೆ ನಾನು ನಿಭಾಯಿಸುತ್ತಿದ್ದೆ; ಬೈಗುಳಕ್ಕೆ ನನ್ನ ಬಳಿ ಇಪ್ಪತ್ತೆರಡು ವರ್ಷದ ಅಭ್ಯಾಸವಿದೆ.

“ಸುಚಿತಾ, ಅಂಕಿ ಅಂದ್ರೆ ಅಂಕಿ. ಪ್ರಸಾರಕನಿಗೂ ಒಂದು ಧರ್ಮ ಇರ್ತದೆ,” ಎಂದೆ.

“ನಿಮ್ಮ ಅಂಕಿಲಿ ಐಸ್ ಅದ್ಯಾ?”

“ಇಲ್ಲ.”

“ಟೆಂಪೋ ಬಾಡಿಗೆ? ಬುಟ್ಟಿ ಅಡೀಲಿ ಒಡೆದದ್ದು, ಬೆರಳಷ್ಟು ಉದ್ದದ್ದು ಮೂವತ್ತು ನಲವತ್ತು ಬರ್ತದಲ್ಲ, ಅದು?”

“ಇಲ್ಲ.”

“ಕೊಸರು? ಗಂಡ ಸತ್ತ ಮೇಲೆ ಆ ಮೂಲೆಮನೆಯವಳಿಗೆ ದಿನಾ ನಾಕು ಮೀನು ಸುಮ್ನೆ ಕೊಡ್ತೆನಲ್ಲ, ಅದು? ನನ್ನ ಕುತ್ತಿಗೆ ನೋವು?”

ಅವಳು ಇನ್ನೊಂದು ಬಂಗಡೆ ತೆಗೆದುಕೊಂಡಳು.

“ನಲವತ್ತು ಮನೆ. ಯಾರೂ ಇದುವರೆಗೆ ನನ್ನ ಕೈಯಲ್ಲಿ ಎಣಿಸಿ ತಗೊಂಡವರಲ್ಲ. ಇವತ್ತು ಎಲ್ಲರೂ ಎಣಿಸಿದ್ರು. ನಾಳೆ ಬಾಗಿಲು ತೆಗೆಯೂದಿಲ್ಲ. ಆ ಹರಾಜು ತೋರಿಸುದು ನಿಲ್ಸಿ.”

ಇಲ್ಲಿ ನಾನು ಕೈಜೋಡಿಸಿ ನಿಲ್ಲಿಸುತ್ತೇನೆ ಎನ್ನಬೇಕಿತ್ತು. ಆದರೆ ಆರು ಸಾವಿರ ವೀಕ್ಷಕರ ಅಮಲು, ಮೇಲೆ ಐಸ್ ಕಾರ್ಖಾನೆ. “ಜಗತ್ತಿನ ದೊಡ್ಡ ದೊಡ್ಡ ಚಾನೆಲ್ಲೇ ಹೋಟೆಲು, ಫೋನು ಅಂತ ಹೋಗಿವೆ. ಆ ಪೇಪರಲ್ಲಿ ಸ್ಪಷ್ಟ ಬರೆದಿತ್ತು,” ಎಂದೆ.

“ಆ ಪೇಪರಿನ ಉಳಿದರ್ಧ ಕಟ್ಟುವಾಗ ನಾ ಓದಿದ್ದೆ. ಹೋಟೆಲು ಮುಚ್ಚಿದ್ರಂತೆ. ಫೋನು ತಗೊಳ್ಳುವವ್ರಿಲ್ದೆ ಒಂದು ವರ್ಷದೊಳಗೆ ನಿಲ್ಸಿದ್ರಂತೆ.”

“ಮತ್ತೆ ಯಾಕೆ ಹೇಳ್ಲಿಲ್ಲ?”

“ಹೇಳುದಕ್ಕೆ ನೀವು ಎಲ್ಲಿದ್ರಿ? ನೆಟ್‌ವರ್ಕಲ್ಲಿದ್ರಿ.”

ಮರುದಿನವೂ ಪ್ರಸಾರ ಮಾಡಿದೆ. ಸೋಮವಾರದಿಂದ ಗುರುವಾರದವರೆಗೆ ನಾಲ್ಕು ದಿನ ಅಲೆ ಸ್ಪೋರ್ಟ್ಸ್ ಎರಡು ವಿಜೃಂಭಿಸಿತು. ನಾಲ್ಕು ದಿನವೂ ಬುಟ್ಟಿ ಅರ್ಧ ತುಂಬಿ ಮನೆಗೆ ಬಂತು. ನಾಲ್ಕು ದಿನವೂ ನನ್ನ ಬಟ್ಟಲಿಗೆ ಸೌತೆಕಾಯಿ ಹುಳಿ ಬಂತು. ಹಿತ್ತಿಲ ತುಂಬ ಬಂಗಡೆ ಒಣಗುತ್ತಿದೆ, ನಡುಮನೆಯಲ್ಲಿ ಮೀನುಗಾರರ ಮನೆತನದವನೊಬ್ಬ ಸೌತೆಕಾಯಿ ತಿನ್ನುತ್ತಿದ್ದಾನೆ. ಮೂರನೆಯ ದಿನ ಕೇಳಿಯೇಬಿಟ್ಟೆ. “ಮೀನು ಮೊಬೈಲಲ್ಲಿ ಅದೆ. ನೋಡ್ತಾ ಉಣ್ಣಿ,” ಎಂದಳು.

ಗುರುವಾರ ಮಧ್ಯಾಹ್ನ ಅತ್ತೆ ಸುಬ್ಬಿ ಮನೆಗೆ ಬಂದರು. ಮುಖದಲ್ಲಿ ಎಂದೂ ಇಲ್ಲದ ವಾತ್ಸಲ್ಯ.

“ಅಳಿಯಾ, ನಾಳೆ ಏಳು ಗಂಟೆಗೆ ಬಾ. ಆರಕ್ಕೆ ಬರಬೇಡ, ಬೋಟು ತಡ. ದೊಡ್ಡ ಹರಾಜು ಅದೆ. ಜಗತ್ತೇ ನೋಡಬೇಕು, ಹಾಂಗೆ ಕಾಮೆಂಟ್ರಿ ಕೊಡು.”

ಒಬ್ಬ ಕಲಾವಿದನಿಗೆ ಇದಕ್ಕಿಂತ ಹೆಚ್ಚಿನದೇನು ಬೇಕು? ಶುಕ್ರವಾರ ಏಳಕ್ಕೆ ಸರಿಯಾಗಿ ಸ್ಟ್ಯಾಂಡ್ ನೆಟ್ಟೆ. ಕಣದ ನಡುವೆ ಒಂದೇ ಒಂದು ಬುಟ್ಟಿ ಬಂಗಡೆ. ಸುತ್ತ ಹತ್ತೂ ಹೆಂಗಸರು, ತಲೆಯ ಮೇಲೆ ಹತ್ತೂ ನೀಲಿ ಅಲೆ. ಜಟ್ಟ ಹೊಸ ಅಂಗಿ ಹಾಕಿದ್ದ.

ಎರಡು ಸಾವಿರದಿಂದ ಶುರುವಾಯಿತು. ಸುಬ್ಬಿ ಮೂರು ಎಂದರು. ಗಣಪಿ ಮೂರೂವರೆ ಎಂದು ನೆಲ ಕುಟ್ಟಿದಳು. ಸುಚಿತಾ ನಾಲ್ಕು. “ನಿನ್ನ ಗಂಡ ಚಾನೆಲ್ ಇಟ್ಟಿದಾನೆ ಅಂತ ಬಂಗಡೆ ಎಲ್ಲ ನಿಂದಾ?” ಎಂದಳು ಗಣಪಿ. “ತಾಕತ್ತಿದ್ರೆ ಕೂಗು, ಇಲ್ದಿದ್ರೆ ಬುಟ್ಟಿ ಎತ್ಕಂಡು ಮನೆಗೆ ಹೋಗು,” ಎಂದಳು ಸುಚಿತಾ. ಅತ್ತೆ ತಮ್ಮ ಮಗಳನ್ನೇ ತಳ್ಳಿ ಐದು ಸಾವಿರ ಎಂದರು. ನನ್ನ ದನಿ ಆಕಾಶಕ್ಕೆ ಏರಿತು. ತಾಯಿ ಮಗಳೆಂಬ ಬಂಧ ಬಂದರಿನಲ್ಲಿಲ್ಲ ಎಂದೆ, ಇದು ಬರಿಯ ಮೀನಲ್ಲ ಮಾನ ಎಂದೆ, ಇನ್ನೂ ಏನೇನೋ ಎಂದೆ. ಆರು ಸಾವಿರಕ್ಕೆ ಬುಟ್ಟಿ ಸುಚಿತಾಳಿಗೆ ನಿಂತಾಗ ನನ್ನ ಗಂಟಲು ಒಡೆದಿತ್ತು, ಕಣ್ಣಲ್ಲಿ ನೀರಿತ್ತು. ತೆರೆಯ ಮೂಲೆಯಲ್ಲಿ ಕೆಂಪು ಅಕ್ಷರ: ರನ್ ರೇಟ್, ಮೂವತ್ತು. ವೀಕ್ಷಕರು ಹದಿನೈದು ಸಾವಿರ.

ಅಂದು ಮಾಸ್ತರರು ಗೇಟಿನವರೆಗೆ ಬಂದು ಕಾಯುತ್ತಿದ್ದರಂತೆ. “ನೂರಕ್ಕೆ ಐದು,” ಎಂದಳಂತೆ ಸುಚಿತಾ, ಯಾವಾಗಲಿನ ಹಾಗೆ. ಅವರು ಮನಸ್ಸಿನಲ್ಲೇ ಭಾಗಿಸಿ ನೋಡಿ, “ಮೂವತ್ತರ ಬಂಗಡೆ ಇಪ್ಪತ್ತಕ್ಕೆ ಕೊಡ್ತ್ಯಾ? ಪಾಪ, ನಿಂಗೆ ಹ್ಯಾಂಗೆ ಪೂರೈಸ್ತದೆ?” ಎಂದು ಕೊಸರನ್ನೂ ಕೇಳದೆ ತೆಗೆದುಕೊಂಡರಂತೆ. ಮೂರನೆಯ ಮನೆಯವಳು ಒಳಗೆ ಕರೆದು ಚಾ ಕೊಟ್ಟಳಂತೆ. ಹತ್ತೂವರೆಗೆ ಬುಟ್ಟಿ ಖಾಲಿ. ಮಧ್ಯಾಹ್ನ ನನ್ನ ಬಟ್ಟಲಿಗೆ ಬಂಗಡೆ ಸಾರು ಬಂತು.

ಮೂರು ಬಂಗಡೆ ಮುಗಿಸುವವರೆಗೆ ನನಗೆ ಏನೂ ಹೊಳೆಯಲಿಲ್ಲ. ನಾಲ್ಕನೆಯದಕ್ಕೆ ಕೈಹಾಕಿದಾಗ ಒಳಗಿನ ಅಂಕಪಟ್ಟಿ ತಿರುಗತೊಡಗಿತು.

“ಸುಚಿತಾ, ಆರು ಸಾವಿರಕ್ಕೆ ತಗೊಂಡು ನೂರಕ್ಕೆ ಐದರ ಹಾಂಗೆ ಮಾರಿದ್ರೆ ನಷ್ಟ ಅಲ್ವಾ?”

“ನಷ್ಟವೇ.”

“ಮತ್ತೆ?”

“ಹರಾಜು ಆದದ್ದು ಐದೂವರೆಗೆ, ಐಸ್ ಮಿಲ್ಲಿನ ಹಿಂದೆ. ಮೂರು ಸಾವಿರಕ್ಕೆ. ಏಳು ಗಂಟೆದು ನಿಮ್ಮ ಚಾನೆಲ್ಲಿಗೆ ಮಾಡಿದ್ದು.”

ತುತ್ತು ಗಂಟಲಲ್ಲಿ ನಿಂತಿತು. ಮುಳ್ಳಲ್ಲ, ಆಘಾತ. ಮೋಸದಾಟ! ಕ್ರೀಡಾ ಜಗತ್ತಿನ ಮಹಾಪಾತಕ, ಅದೂ ನನ್ನದೇ ನೆಟ್‌ವರ್ಕಿನಲ್ಲಿ, ನನ್ನದೇ ಹೆಂಡತಿ ಮತ್ತು ಅತ್ತೆಯಿಂದ, ನನ್ನದೇ ಗುರುತು ತಲೆಯ ಮೇಲೆ ಹೊತ್ತುಕೊಂಡು.

“ಜಟ್ಟ?”

“ಅವನಿಗೆ ಹೊಸ ಅಂಗಿ ಕೊಡಿಸಿದ್ದು ಅಮ್ಮ.”

“ನನ್ನ ಕಣ್ಣಲ್ಲಿ ನೀರು ಬಂದಿತ್ತು, ಸುಚಿತಾ.”

“ನೋಡ್ದೆ. ಅದ್ರಿಂದಾಗಿಯೇ ಜನ ನಂಬಿದ್ದು,” ಎಂದು ಇನ್ನೊಂದು ಸೌಟು ಸಾರು ಬಡಿಸಿದಳು. ಸಾರು ಬಹಳ ಚೆನ್ನಾಗಿತ್ತು. ಅದು ನನ್ನ ದುಃಖವನ್ನು ಇನ್ನಷ್ಟು ಜಟಿಲಗೊಳಿಸಿತು.

ಶನಿವಾರ ನಾನು ಧರ್ಮಸಂಕಟದಲ್ಲಿ ಕಳೆದೆ. ಸತ್ಯ ಹೇಳಿದರೆ ಹೆಂಡತಿಯ ನಲವತ್ತು ಮನೆ ಹೋಗುತ್ತವೆ. ಹೇಳದಿದ್ದರೆ ನನ್ನ ಪ್ರಸಾರ ಧರ್ಮ ಹೋಗುತ್ತದೆ. “ತಾಂತ್ರಿಕ ಕಾರಣದಿಂದ ಇಂದು ಪ್ರಸಾರವಿಲ್ಲ” ಎಂದು ಹಾಕಿ ಮುಸುಕೆಳೆದು ಮಲಗಿದೆ. ನಾನು ಮಲಗಿದರೂ ನನ್ನ ವಿಡಿಯೊ ಮಲಗಿರಲಿಲ್ಲ. ಅದು ಮೊಬೈಲಿನಿಂದ ಮೊಬೈಲಿಗೆ ಹಾರಿ ಹೊನ್ನಾವರ ದಾಟಿ ಕುಮಟೆ ಮುಟ್ಟಿತ್ತು. ಮೀನು ಹಿಡಿಯುವ ಬೋಟುಗಳಿಗೆ ಊರಿನ ಅಭಿಮಾನ ದಡದಲ್ಲಿ ಮಾತ್ರ. ಎಲ್ಲಿ ಬೆಲೆಯೋ ಅತ್ತ ಮೂತಿ. ಕಡಲ ಮಧ್ಯದಲ್ಲಿ ಬಲೆ ಎಳೆಯುತ್ತಿದ್ದವರು ನನ್ನ ಕಾಮೆಂಟ್ರಿ ಕೇಳಿ, ತೆಂಗಿನಗುಂಡಿಯಲ್ಲಿ ಬುಟ್ಟಿಗೆ ಆರು ಸಾವಿರವಂತೆ ಎಂದು ಒಬ್ಬರಿಗೊಬ್ಬರು ಫೋನು ಮಾಡಿಕೊಂಡರು.

ಭಾನುವಾರ ಬೆಳಿಗ್ಗೆ ಜಟ್ಟನ ಫೋನು ಬಂತು.

“ರಾಜೀವ, ಬೇಗ ಬಾ. ಅಲ್ಲ, ಬರಬೇಡ. ಅಲ್ಲ, ಬಾ.”

ಹೋಗಿ ನೋಡಿದರೆ ನಮ್ಮ ಪುಟ್ಟ ಬಂದರಿನಲ್ಲಿ ಹತ್ತೊಂಬತ್ತು ಬೋಟು. ಒಂದಕ್ಕೊಂದು ತಾಗಿ ನಿಂತಿವೆ, ಎಲ್ಲದರಲ್ಲೂ ಕುತ್ತಿಗೆಮಟ್ಟ ಬಂಗಡೆ. ಕೊಳ್ಳುವವರು ಯಾವತ್ತಿನ ಹತ್ತು ಹೆಂಗಸರು. ಇಷ್ಟು ಮೀನನ್ನು ಯಾರು ಹೊರಬೇಕು? ಗೊಬ್ಬರಕ್ಕೆ ಒಯ್ಯುವ ಲಾರಿಯವನೊಬ್ಬ ಬುಟ್ಟಿಗೆ ಐನೂರು ಎನ್ನುತ್ತ ಹಲ್ಲು ಕಿಸಿಯುತ್ತಿದ್ದ. ಬಿಸಿಲು ಏರುತ್ತಿತ್ತು.

ಕುಮಟೆಯ ಬೋಟೊಂದರ ತಾಂಡೇಲ ಈರ, ಬೋಟು ನಡೆಸುವ ಯಜಮಾನ, ಎರಡಾಳು ಎತ್ತರದವನು, ಬೋಟು ಕಟ್ಟುವ ಧಕ್ಕೆಯ ಮೇಲೆ ನಿಂತು ಕೇಳುತ್ತಿದ್ದ: “ಆರು ಸಾವಿರ ಅಂತ ಅತ್ತವ ಎಲ್ಲಿ?”

ನಾನು ಅತ್ತೆಯ ಬೆನ್ನ ಹಿಂದೆ ಇದ್ದೆ. ಅತ್ತೆ ನನಗಿಂತ ಒಂದು ಮೊಳ ಗಿಡ್ಡ ಎಂಬುದು ಆ ಗಳಿಗೆಯಲ್ಲಿ ನನ್ನ ನೆನಪಿಗೆ ಬರಲಿಲ್ಲ.

“ನೀನೇ ಅಲ್ದಾ? ನಮ್ಮ ಡೀಸೆಲ್ಲು, ಇಪ್ಪತ್ತೈದು ಜನರ ಕೂಲಿ, ಎಲ್ಲ ನಿನ್ನ ಮಾತಿನ ಮೇಲೆ ಇಲ್ಲಿ ಬಂದು ನಿಂತದೆ. ಎಲ್ಲಿ ಆರು ಸಾವಿರ?”

ಸತ್ಯ ಹೇಳಲು ಬಾಯಿ ತೆರೆದೆ. ಹೆಂಡತಿಯತ್ತ ನೋಡಿದೆ. ಅವಳ ಮುಖ ಬಿಳಿಚಿತ್ತು. ಮೊದಲ ಬಾರಿಗೆ ಅವಳಿಗೂ ತೋಚದಂತಾಗಿತ್ತು.

“ತಪ್ಪು ನನ್ನದು,” ಎಂದೆ. “ಲೆಕ್ಕ ತಪ್ಪು ಹಾಕಿದೆ. ಹೆಂಗಸರದ್ದು ಏನೂ ಇಲ್ಲ.”

ನನ್ನ ಪ್ರಸಾರ ಧರ್ಮದ ಕಡೆಯ ಉಸಿರು ಅದು. ಈರ ನನ್ನ ಕಾಲರಿಗೆ ಕೈಹಾಕಿದ. ಸುಚಿತಾ ನಡುವೆ ಬಂದಳು.

“ತಾಂಡೇಲ್ರೇ, ಇವರನ್ನು ಹೊಡೆದ್ರೆ ಬಂಗಡೆ ಖರ್ಚಾಗೂದಿಲ್ಲ. ಬಿಡಿ. ಹೋಯ್, ಮೊಬೈಲ್ ಇಲ್ಲಿ ಕೊಡಿ. ಇದರಲ್ಲಿ ಎಲ್ಲಿ ನೋಡಿ ಮಾತಾಡುದು?”

ಗುಂಡಿ ಒತ್ತಿಕೊಟ್ಟೆ. ಅವಳು ಕ್ಯಾಮೆರಾದ ಕಣ್ಣಿಗೆ ಕಣ್ಣಿಟ್ಟು ನಿಂತಳು. ಸೂರ್ಯನ ಸುದ್ದಿಯಿಲ್ಲ, ಸಮುದ್ರದ ವರ್ಣನೆಯಿಲ್ಲ.

“ನಾನು ಸುಚಿತಾ. ನಿಮ್ಮನೆಗೆ ಮೀನು ತರುವವಳು. ಇವತ್ತು ಹತ್ತೊಂಬತ್ತು ಬೋಟು ಬಂದದೆ, ನಂಗೆ ಹೊರ್ಲಿಕ್ಕೆ ಆಗೂದಿಲ್ಲ. ನೀವೇ ಪಾತ್ರೆ ಹಿಡ್ಕಂಡು ಬನ್ನಿ. ನೂರಕ್ಕೆ ಹನ್ನೆರಡು. ಮಾಸ್ತರ್ರೇ, ಹನ್ನೆರಡು ಪೂರ್ಣಾಂಕ, ತಲೆ ಸಮೇತ. ಕೊಸರು ಕೇಳಬೇಡಿ, ನಾನೇ ಹಾಕ್ತೆ. ಇವತ್ತು ಭಾನುವಾರ, ಮನೇಲಿ ಕೂತು ಎಂತ ಮಾಡ್ತ್ರಿ?”

ಮುಕ್ಕಾಲು ಗಂಟೆಯಲ್ಲಿ ಹೆಬಳೆ ಬಂತು. ಆಮೇಲೆ ಭಟ್ಕಳ ಪೇಟೆ ಬಂತು, ರಿಕ್ಷಾದಲ್ಲಿ, ಸ್ಕೂಟರಿನಲ್ಲಿ, ಒಬ್ಬರು ಮದುವೆಯ ಅನ್ನದ ಹಂಡೆಯನ್ನೇ ಹೊತ್ತು ಬಂದರು. ಮಾವಳ್ಳಿಯ ಹೋಟೆಲಿನವರು ವ್ಯಾನು ತಂದರು. ಮಾಸ್ತರರು ಎರಡು ಬಕೆಟ್ಟು ಹಿಡಿದು ಸಾಲಿನ ಮೊದಲಿಗರಾಗಿದ್ದರು. ಮೀನು ಎಣಿಸಲಿಲ್ಲ. ಹತ್ತು ಹೆಂಗಸರು ಹತ್ತು ಕಡೆ ಕೂತು ಮಾರಿದರು. ಬೋಟಿನವರಿಗೆ ಬುಟ್ಟಿಗೆ ಸಾವಿರದೈನೂರು ನಿಂತಿತು. ಆರು ಸಾವಿರವಲ್ಲ, ಆದರೆ ಗೊಬ್ಬರವೂ ಅಲ್ಲ. ಹನ್ನೊಂದೂವರೆಗೆ ಈರ ಸೊಂಟದ ಪಟ್ಟಿ ಸಡಿಲಿಸಿ ಚಾ ಕುಡಿದ. ಲಾರಿಯವನು ಖಾಲಿ ಹೋದ. ಆ ಪ್ರಸಾರವನ್ನು ನೋಡಿದವರು ಮೂವತ್ತೊಂದು ಸಾವಿರ. ಐಸ್ ಕಾರ್ಖಾನೆಯವರು ಮತ್ತೆ ಫೋನು ಮಾಡಿದರು. “ಆ ಹೆಂಗಸಿನ ನಂಬರು ಕೊಡಿ,” ಎಂದರು.

ಕೊನೆಗೆ ಉಳಿದದ್ದು ಒಂದು ಬುಟ್ಟಿ. ಜಟ್ಟ ಬಳಲಿದ ದನಿಯಲ್ಲಿ ಹರಾಜು ಕೂಗಿದ. ಸುಚಿತಾ ಸಾವಿರದೈನೂರಕ್ಕೆ ಹಿಡಿದಳು. ಮೂಲೆಮನೆಯವಳಿಗೆ, ಬಾಗಿಲು ಬಿಟ್ಟು ಬರಲಾಗದ ಮುದುಕರಿಗೆ ಅವಳ ಸುತ್ತು ಇನ್ನೂ ಬಾಕಿ ಇತ್ತು.

“ಕೊಸರು ಎಲ್ಲಿ, ಜಟ್ಟಣ್ಣ?” ಎಂದಳು.

ಜಟ್ಟ ಸುತ್ತ ನೋಡಿದ. ಧಕ್ಕೆ ತೊಳೆದಂತಿತ್ತು, ಹಾಕಲು ಒಂದು ಸಣ್ಣ ತಾರ್ಲೆ ಮೀನೂ ಉಳಿದಿರಲಿಲ್ಲ. ಅವನ ಕಣ್ಣು ಮೂರುಕಾಲಿನ ಸ್ಟ್ಯಾಂಡಿಗೆ ಒರಗಿ ನಿಂತ ನನ್ನ ಮೇಲೆ ಬಿತ್ತು.

“ಇದೊಂದು ಉಳ್ದದೆ. ತಗೊಂಡು ಹೋಗು.”

ಸುಚಿತಾ ನನ್ನನ್ನು ಮೇಲಿಂದ ಕೆಳಗೆ ನೋಡಿದಳು, ಕಿವಿರು ಎತ್ತಿ ಕೆಂಪಿದೆಯೋ ಇಲ್ಲವೋ ಎಂದು ನೋಡುವ ಹಾಗೆ.

“ತಾಜಾ ಅಲ್ಲ,” ಎಂದಳು.

“ಕೊಸರಿಗೆ ತಾಜಾ ಕೇಳುದುಂಟಾ?” ಎಂದರು ಅತ್ತೆ.

ಸುಚಿತಾ ಗೊಣಗಿದಳು. ಒಂದು ವಾರದ ನಂತರ, ಅಷ್ಟು ಚಂದವಾಗಿ. ಆಮೇಲೆ ಅತ್ತೆಯ ತಲೆಯಿಂದ ನೀಲಿ ಅಲೆಯ ಸಿಂಬೆ ತೆಗೆದು, ಐಸಿನ ನೀರು ಹಿಂಡಿ, ನನ್ನ ತಲೆಯ ಮೇಲಿಟ್ಟು ಬುಟ್ಟಿ ಕೂರಿಸಿದಳು.

“ಕುತ್ತಿಗೆ ನೆಟ್ಟಗೆ ಇಟ್ಕಳ್ಳಿ,” ಎಂದು ಮುಂದೆ ನಡೆದಳು. “ಮತ್ತೆ, ದಾರೀಲಿ ಕಾಮೆಂಟ್ರಿ ಬೇಡ.”